ಗಾಜಿನ ಮುಂದೆ ಸೊನ್ನೆ ಬರೆದವನು

ಹಾರ್ಮ್ ಮೈನೆಕೆ ಬರುತ್ತಿದ್ದಾನೆ ಎಂಬುದು ನಮ್ಮ ಊರಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಮೊಣಕಾಲು ಮುಟ್ಟುವ ಅವನ ಹಸಿರು ಉಣ್ಣೆಯ ಕೋಟಿಗೆ ಎರಡು ಜೇಬುಗಳು, ಜೇಬು ಎನ್ನುವುದಕ್ಕಿಂತ ಚೀಲ ಎನ್ನಬೇಕು. ಅವುಗಳಲ್ಲಿ ಜೇನು ತುಂಬುವ ಗಾಜಿನ ಖಾಲಿ ಭರಣಿಗಳು, ಎಡಕ್ಕೆ ಎರಡು, ಬಲಕ್ಕೆ ಒಂದು. ಆ ಒಂದು ಹೆಚ್ಚಿನ ಭರಣಿಯ ಭಾರಕ್ಕೆ ನಲವತ್ತು ವರ್ಷಗಳಲ್ಲಿ ಅವನ ದೇಹವೇ ಎಡಕ್ಕೆ ವಾಲಿಬಿಟ್ಟಿತ್ತು. ಮರಳು ಹಾದಿಯಲ್ಲಿ ಅವನು ನಡೆದು ಬಂದರೆ, ಹೊರೆ ಒಂದು ಮಗ್ಗುಲಿಗೆ ಜಾರಿದ ಹೇಸರಗತ್ತೆ ಅದನ್ನು ಬೀಳಗೊಡದೆ ಹುಷಾರಾಗಿ ಕಾಲು ಹಾಕಿಕೊಂಡು ಬಂದ ಹಾಗೆ ಕಾಣುತ್ತಿತ್ತು. ಹೆಜ್ಜೆಗೊಮ್ಮೆ ಗಾಜಿಗೆ ಗಾಜು ತಾಗಿ ಟಿಣ್ ಎನ್ನುತ್ತಿತ್ತು. ಬೇಲಿಯಾಚೆ ಮೇಯುವ ಕುರಿಗಳು ಆ ಸದ್ದಿಗೆ ತಲೆ ಎತ್ತುವುದನ್ನೂ ಬಿಟ್ಟಿದ್ದವು.

ಆ ಭರಣಿಗಳನ್ನು ಅವನು ಮಾರಲು ಒಯ್ಯುತ್ತಿರಲಿಲ್ಲ, ಮರಳಿ ತರುತ್ತಿದ್ದ. ಅರ್ಧ ಕೆ.ಜಿ. ಹಿಡಿಯುವ, ತಳದಲ್ಲಿ ಜೇನು ಸಾಕುವವರ ಸಂಘದ ಗುರುತು ಉಬ್ಬಿಸಿರುವ ಈ ಭರಣಿ ಅವನ ಅಪ್ಪನ ಕಾಲದಿಂದ ಅಳತೆ ಬದಲಾಗದೆ ಬಂದದ್ದು. ಯಾರ ಮನೆಯಲ್ಲಿ ಖಾಲಿಯಾಗಿ ಕೂತಿರುವುದು ಕಂಡರೂ ಹಾರ್ಮ್‌ನ ಕೈ ಅತ್ತ ಹೋಗುತ್ತಿತ್ತು. ಹೂಳಿದ ಮೇಲೆ ಸಾವಿನ ಮನೆಯಲ್ಲಿ ಕೊಡುವ ಕಾಫಿಗೆ ಹೋದಾಗಲೂ ಹಾಗೆಯೇ: ದುಃಖದ ಮಾತು ಮುಗಿಯುವವರೆಗೆ ಕಾದು, ಮನೆಯಾಕೆಯ ಕೈ ಹಿಡಿದು ಸಮಾಧಾನ ಹೇಳಿ, ಹೊರಡುವ ಮುನ್ನ ಅಡಿಗೆಮನೆಯ ಕಿಟಕಿಯ ಮೇಲಿದ್ದ ಭರಣಿಯನ್ನು ಮೆಲ್ಲಗೆ ಜೇಬಿಗಿಳಿಸುತ್ತಿದ್ದ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಭರಣಿ ಅವನದು, ಒಳಗಿನ ಜೇನು ಮಾತ್ರ ನಮ್ಮದು ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿದ್ದ ನ್ಯಾಯ.

ಅವನ ಮನೆಯ ಗೇಟಿನ ಪಕ್ಕದಲ್ಲಿ ಓಕ್ ಮರದ ಹಲಗೆಯೊಂದಿತ್ತು. ತುಂಬಿದ ಭರಣಿಗಳು ಅದರ ಮೇಲೆ ಸಾಲಾಗಿ ಇರುತ್ತಿದ್ದವು, ಪಕ್ಕದಲ್ಲಿ ದುಡ್ಡು ಹಾಕುವ ತಗಡಿನ ಡಬ್ಬ. ಬಂದವರು ತೊಳೆದ ಖಾಲಿ ಭರಣಿಯನ್ನು ಕೆಳಗಿಟ್ಟು, ತುಂಬಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು. ಎಷ್ಟು ಹೋದವು, ಎಷ್ಟು ಬಂದವು ಎಂದು ಹಾರ್ಮ್ ಒಂದು ದಿನವೂ ಎಣಿಸಿದವನಲ್ಲ. ಕೇಳಿದರೆ, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಎರಡೇ ಮಾತು ಹೇಳುತ್ತಿದ್ದ:

"ಬಂದೇ ಬರುತ್ತೆ."

ಗಿರಣಿ ಬೀದಿಯ ಮುದುಕಿ ಆಲ್ಮುಟ್ ತೀರಿಕೊಂಡಾಗ ಅವಳ ಮಗಳು ಕೈಗಾಡಿಯಲ್ಲಿ ಮೂವತ್ತೊಂದು ಭರಣಿಗಳನ್ನು ತಳ್ಳಿಕೊಂಡು ಬಂದು ಆ ಹಲಗೆಯ ಕೆಳಗೆ ಇಳಿಸಿದ್ದು ನಿಜ. ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷದಿಂದ ಕೂಡಿಬಿದ್ದಿದ್ದವಂತೆ. ಹಾರ್ಮ್‌ಗೆ ಅದೊಂದು ದೇವರ ಸಾಕ್ಷಿ ಸಿಕ್ಕ ಹಾಗಾಯಿತು. ಆಮೇಲೆ ಎಲ್ಲೇ ಮಾತು ಬಂದರೂ ಆಲ್ಮುಟ್‌ಳ ಮೂವತ್ತೊಂದನ್ನು ಎತ್ತುತ್ತಿದ್ದ. ಒಂದು ಮಳೆ ಬಂದದ್ದನ್ನು ಕಂಡು ಬಾವಿ ತೋಡುವುದನ್ನೇ ಬಿಟ್ಟವನ ಹಾಗೆ, ಆ ಒಂದು ಕೈಗಾಡಿಯ ಮೇಲೆ ಅವನು ತನ್ನ ಇಡೀ ಸಿದ್ಧಾಂತವನ್ನು ಹೇರಿದ್ದ.

ಜೇನಿನ ವಿದ್ಯೆಯಲ್ಲಿ ಅವನಿಗೆ ಸಮನಾದವನು ಈ ಲ್ಯೂನೆಬುರ್ಗ್ ಬಯಲಿನಲ್ಲಿ ಇರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹುಲ್ಲಿನ ಗೂಡು ಹೆಣೆದು, ಹಸುವಿನ ಸಗಣಿಗೆ ಜೌಗು ನೆಲದ ಪೀಟ್ ಮಣ್ಣು ಕಲಸಿ ಮೆತ್ತುವ ಹಳೆಯ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು. ಆಗಸ್ಟಿನಲ್ಲಿ ಹೀದರ್ ಗಿಡಗಳು ಕೆನ್ನೇರಳೆ ಹೂ ಬಿಟ್ಟು ಬಯಲೆಲ್ಲ ಬಣ್ಣ ಕುಡಿದಾಗ, ಯಾವ ದಿಬ್ಬದ ಯಾವ ಮಗ್ಗುಲಿಗೆ ಗೂಡು ಸಾಗಿಸಬೇಕು ಎಂಬುದನ್ನು ಅವನು ಗಾಳಿಗೆ ಮೂಗೊಡ್ಡಿ ಹೇಳುತ್ತಿದ್ದ. ಸಂಘಕ್ಕೆ ಹತ್ತೊಂಬತ್ತು ವರ್ಷ ಅವನೇ ಅಧ್ಯಕ್ಷ. ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದರೂ ಕಾನೂನಿನ ಹೊತ್ತಗೆಯನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದ. ಪಾದ್ರಿಗಳು ಬೈಬಲನ್ನು ಓದುವಷ್ಟು ನಿಧಾನವಾಗಿ, ಅವರಿಗಿಂತ ಹೆಚ್ಚು ನಂಬಿಕೆಯಿಂದ.

ಅವನನ್ನು ಕೆಡಿಸಿದ್ದೂ ಆ ನಂಬಿಕೆಯೇ.

ಒಂದು ವರ್ಷ ರೋಗದ ಭಯಕ್ಕೆ ಊರಿನ ಜನ ಮನೆಬಿಟ್ಟು ಹೊರಬರಲಿಲ್ಲ. ಹಲಗೆಯ ಮೇಲಿನ ಭರಣಿಗಳು ಇಟ್ಟಲ್ಲೇ ಧೂಳು ಹಿಡಿದವು. ಆಗ ಅವನ ಹೆಂಡತಿ ಗೆಸಾ, ಮಾತು ಕಡಿಮೆ ಕೆಲಸ ಹೆಚ್ಚು ಎನ್ನುವ ಹೆಂಗಸು, ಕಂಪ್ಯೂಟರ್ ಮುಂದೆ ಕೂತು ಆನ್‌ಲೈನ್ ಸಂತೆಯಲ್ಲಿ ಅಂಗಡಿ ತೆರೆದಳು. ಹ್ಯಾಂಬರ್ಗ್‌ನಿಂದ, ಮ್ಯೂನಿಕ್‌ನಿಂದ, ಹೆಸರು ಕೇಳದ ಊರುಗಳಿಂದ ಬೇಡಿಕೆ ಬರತೊಡಗಿತು. ಬೇಡಿಕೆಯ ಬೆನ್ನಿಗೇ ಕಾನೂನೂ ಬಂತು.

ಆ ಕಾನೂನಿನ ಕಥೆ ಇಷ್ಟೇ. ನಮ್ಮ ದೇಶದಲ್ಲಿ ಯಾರೇ ಆಗಲಿ ಮಾಲನ್ನು ಕಟ್ಟಿ ಗಿರಾಕಿಯ ಮನೆಗೆ ಕಳಿಸುವ ಮೊದಲು, ಎಲ್ಲರೂ ತೆರೆದು ನೋಡಬಹುದಾದ ಒಂದು ನೋಂದಣಿಯಲ್ಲಿ ತನ್ನ ಹೆಸರು ಬರೆಸಬೇಕು. ಕಟ್ಟಿದ ರಟ್ಟು, ಕಾಗದ, ಪ್ಲಾಸ್ಟಿಕ್, ಗಾಜು ಕೊನೆಗೆ ಗಿರಾಕಿಯ ಮನೆಯ ಕಸವಾಗುತ್ತದಲ್ಲ, ಆ ಕಸವನ್ನು ಎತ್ತಿ ಮತ್ತೆ ಬಳಕೆಗೆ ತರುವ ಕಂಪನಿಗೆ ತೂಕದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಯಾವ ಯಾವುದು ಎಷ್ಟು ಕೆ.ಜಿ. ಎಂದು ಆ ಕಂಪನಿಗೂ ನೋಂದಣಿ ಕಚೇರಿಗೂ ಒಂದೇ ಅಂಕಿ ಹೇಳಬೇಕು. ನೋಂದಣಿಯ ಸಂಖ್ಯೆ ಇಲ್ಲದವನಿಗೆ ಆನ್‌ಲೈನ್ ಸಂತೆಯಲ್ಲಿ ಜಾಗವಿಲ್ಲ. ಹಾರ್ಮ್‌ನಂಥ ಸಣ್ಣವರಿಗೆ ಶುಲ್ಕ ಎಂದರೆ ವರ್ಷಕ್ಕೆ ಇಬ್ಬರು ಹೋಟೆಲಿನಲ್ಲಿ ಒಂದು ಊಟ ಮಾಡಿದಷ್ಟು. ದುಡ್ಡಿಗಾಗಿ ಅವನು ಹಟ ಹಿಡಿದ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಟ ಹಿಡಿಯುವ ಮಾತಿರಲಿ, ಮೊದಲಿಗೆ ಆ ಕಾನೂನನ್ನು ಅವನಷ್ಟು ಪ್ರೀತಿಯಿಂದ ಬರಮಾಡಿಕೊಂಡವನು ಇನ್ನೊಬ್ಬನಿರಲಿಲ್ಲ. ಕಸ ಮಾಡಿದವನೇ ಕಸಕ್ಕೆ ಹೊಣೆ ಎಂಬ ಮಾತು ಅವನ ಎದೆಯೊಳಗಿನದೇ. ಮೇಣ ತೂಗುವ ತಕ್ಕಡಿಯನ್ನು ಮೇಜಿನ ಮೇಲಿಟ್ಟು ರಟ್ಟಿನ ಪೆಟ್ಟಿಗೆ ತೂಗಿದ, ಕಾಗದ ತೂಗಿದ, ವಿಳಾಸದ ಚೀಟಿ ತೂಗಿದ. ಗೂಡುಗಳ ಮರಗೆಲಸ ಮಾಡಿಕೊಡುವ ನಾನು ಒಂದು ದಿನ ಹೋಗಿ ನೋಡುತ್ತೇನೆ, ಗೆಸಾ ಕಟ್ಟಿಟ್ಟ ಪಾರ್ಸೆಲ್ಲುಗಳ ಮೇಲಿನ ಟೇಪನ್ನು ಉಗುರಿನಿಂದ ಕೀಳುತ್ತ ಕೂತಿದ್ದಾನೆ.

"ಟೇಪು ಮೂರು ಗ್ರಾಂ ಅಂತ ಬರೆಯೋದಕ್ಕೆ ಮೂರು ಗಂಟೆ ನೋಡಪ್ಪ," ಎಂದಳು ಗೆಸಾ ನನ್ನ ಕಡೆ ತಿರುಗಿ. "ಇವತ್ತು ಅಂಚೆಗೆ ಹೋಗೋದು ಪಾರ್ಸೆಲ್ಲೋ, ಇವರ ತಕ್ಕಡಿಯೋ ಗೊತ್ತಿಲ್ಲ."

"ಮೂರಲ್ಲ, ಮೂರೂವರೆ," ಎಂದ ಹಾರ್ಮ್ ತಲೆ ಎತ್ತದೆ.

ಭರಣಿ ಒಡೆಯದಿರಲೆಂದು ಅವನು ಪೆಟ್ಟಿಗೆಯೊಳಗೆ ತನ್ನ ಹೊಲದ ಒಣಹುಲ್ಲನ್ನೇ ತುರುಕುತ್ತಿದ್ದ. ಹುಲ್ಲೂ ಲೆಕ್ಕಕ್ಕೆ ಬರುತ್ತದೋ ಎಂಬ ಅನುಮಾನ ಬಂತು. ಕಚೇರಿಗೆ ಫೋನು ಮಾಡಿದ. ಪಕ್ಕದಲ್ಲಿ ಕೂತು ಕೇಳಿದವನು ನಾನು. ಮಾಲಿನ ರಕ್ಷಣೆಗೆ ತುರುಕಿದರೆ ಹುಲ್ಲೂ ಲೆಕ್ಕವೇ ಎಂದು ಆ ಕಡೆಯ ಹೆಣ್ಣುಮಗಳು ಹೇಳಿದಳು.

"ಆಗ್ಲಿ ತಾಯಿ. ತೂಕ ಯಾವತ್ತಿನದು ಹಾಕ್ಲಿ? ಬಿಸಿಲಿನ ದಿನದ್ದೋ, ಮಂಜಿನ ದಿನದ್ದೋ? ಹುಲ್ಲು ನೀರು ಕುಡಿಯುತ್ತೆ."

ಆ ಕಡೆ ಪುಟ ಮಗುಚುವ ಸದ್ದು ಕೇಳಿಸಿತು. ಆಮೇಲೆ, "ಕಳಿಸೋ ದಿನ ಎಷ್ಟಿರುತ್ತೋ ಅಷ್ಟು ಹಾಕಿ, ಮೈನೆಕೆಯವರೇ," ಎಂದಳು. ಆಕೆಯ ತಾಳ್ಮೆಯನ್ನು ಅವನು ವಾರಗಟ್ಟಲೆ ಹೊಗಳಿದ. ಅಂದಿನಿಂದ ಹುಲ್ಲಿನ ಕಂತೆಯನ್ನು ದಿನಾ ಬೆಳಿಗ್ಗೆ ತೂಗಿದ.

ಇಷ್ಟು ತೂಗಿದವನು ಭರಣಿಯನ್ನು ಮಾತ್ರ ತೂಗಲಿಲ್ಲ.

ವರ್ಷದ ಕೊನೆಗೆ ಅಂಕಿ ತುಂಬುವಾಗ ಗೆಸಾ ಕಂಪ್ಯೂಟರಿನ ಮುಂದೆ, ಹಾರ್ಮ್ ಪಕ್ಕದಲ್ಲಿ. ಕಾಗದ, ರಟ್ಟು: ಬರೆದಾಯಿತು. ಪ್ಲಾಸ್ಟಿಕ್: ಬರೆದಾಯಿತು. ಹುಲ್ಲು: ಬರೆದಾಯಿತು. ಗಾಜಿನ ಸಾಲು ಬಂದಾಗ ಅವನು ಹೇಳಿದ:

"ಸೊನ್ನೆ."

"ಸೊನ್ನೆ ಹೇಗ್ರೀ? ಸಾವಿರದ ನೂರ ನಲವತ್ತು ಭರಣಿ ಕಳಿಸಿದೀವಿ."

"ಕಳಿಸಿದೀವಿ, ಬಿಸಾಕಿಲ್ಲ. ಕಾನೂನೇ ಹೇಳಿದೆ: ಮರಳಿ ಬಂದು ಮತ್ತೆ ತುಂಬೋ ಪಾತ್ರೆ ಕಸವಲ್ಲ. ನಮ್ಮ ಭರಣಿ ಗೊತ್ತಿರೋರೇ ಅದನ್ನ ಬರೆದಿದಾರೆ."

"ಅದರ ಮುಂದೆ ಇನ್ನೊಂದು ಮಾತಿದೆ. ವಾಪಸ್ ತರಿಸೋ ಏರ್ಪಾಡು ಇರ್ಬೇಕು, ಸಾಮಾನ್ಯವಾಗಿ ಒತ್ತೆ ಹಣ ಇಟ್ಟು ಅಂತ."

"ಸಾಮಾನ್ಯವಾಗಿ," ಎಂದ ಹಾರ್ಮ್, ಪೆನ್ಸಿಲಿನಿಂದ ಆ ಮಾತಿನ ಕೆಳಗೆ ಎರಡು ಗೆರೆ ಎಳೆಯುತ್ತ. "ಅದು ಸಾಮಾನ್ಯರಿಗೆ. ಜೇನು ತಿನ್ನೋ ಜನ ಭರಣಿ ಕದೀತಾರಾ?"

ಗೆಸಾ ಗಂಡನ ಮುಖ ನೋಡಿದಳು. ಅವನ ಜೊತೆ ಐವತ್ತು ವರ್ಷ ಬಾಳಿದ ಹೆಂಗಸು. ಯಾವ ಕಲ್ಲು ಉರುಳುತ್ತದೆ, ಯಾವುದು ಉರುಳುವುದಿಲ್ಲ ಎಂದು ಬಲ್ಲಳು. ಸೊನ್ನೆ ಹಾಕಿದಳು.

ಪ್ರತಿ ಪಾರ್ಸೆಲ್ಲಿನಲ್ಲೂ ಅವನ ಕೈಬರಹದ ಚೀಟಿ ಹೋಗುತ್ತಿತ್ತು: ಭರಣಿ ಖಾಲಿಯಾದ ಮೇಲೆ ತೊಳೆದು ಕಳಿಸಿ, ಅಂಚೆಯ ಖರ್ಚು ನಮ್ಮದು. ಮೊದಲ ವರ್ಷ ಮರಳಿ ಬಂದವು ಹದಿನೇಳು. ಒಂದು ದಾರಿಯಲ್ಲಿ ಒಡೆದಿತ್ತು. ಫ್ರೈಬುರ್ಗ್‌ನ ಒಬ್ಬ ಪುಣ್ಯಾತ್ಮಳು ಖಾಲಿ ಕಳಿಸಬಾರದೆಂದು ಪ್ಲಮ್ ಹಣ್ಣಿನ ಜಾಮ್ ತುಂಬಿ ಕಳಿಸಿದ್ದಳು. ಹಾರ್ಮ್ ಅದನ್ನು ಸಂಘದ ಸಭೆಗೆ ತಂದು ಎಲ್ಲರಿಗೂ ಒಂದೊಂದು ಚಮಚ ತಿನ್ನಿಸಿದ. ನಾವೂ ನೆಕ್ಕಿದೆವು. ಉಳಿದ ಸಾವಿರದ ನೂರ ಇಪ್ಪತ್ತಮೂರು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಬಾಯಿ ಸಿಹಿಯಾಗಿದ್ದಾಗ ಲೆಕ್ಕ ಕೇಳುವುದು ಮರ್ಯಾದೆಯಲ್ಲ.

ಕೇಳಬಹುದಾಗಿದ್ದವನು ಸಂಘದ ಖಜಾಂಚಿ ಡೆಟ್ಲೆಫ್ ಕೂನ್. ನಲವತ್ತೈದರ ಪ್ರಾಯ, ಹಾರ್ಮ್‌ನ ಕೈಯಲ್ಲೇ ಜೇನು ಕಲಿತವನು. ಗುರುವಿಗಿಂತ ಎರಡರಷ್ಟು ಗೂಡುಗಳು, ಗುರುವಿಗಿಂತ ಅರ್ಧದಷ್ಟು ಮಾತು. ಅವನೂ ಆನ್‌ಲೈನಿನಲ್ಲಿ ಮಾರುತ್ತಿದ್ದ, ಗಾಜಿನ ತೂಕ ಪೂರ್ತಿ ಬರೆದು ಶುಲ್ಕ ಕಟ್ಟುತ್ತಿದ್ದ. ಒಮ್ಮೆ ಹಾರ್ಮ್‌ನ ಅಂಗಳದಲ್ಲಿ ನನ್ನೆದುರೇ ಮೆತ್ತಗೆ ಹೇಳಿದ:

"ಹಾರ್ಮ್, ಒಂದು ಭರಣಿಗೆ ಅರ್ಧ ಯೂರೋ ಒತ್ತೆ ಇಟ್ಕೊಂಡ್ಬಿಡಿ, ಭರಣಿ ವಾಪಸ್ ಬಂದಾಗ ಕೊಟ್ಬಿಡಿ. ಆಗ ನಿಮ್ಮ ಮಾತೂ ಉಳಿಯುತ್ತೆ, ಕಾನೂನೂ ಉಳಿಯುತ್ತೆ."

"ನಿಮ್ಮಪ್ಪ ನನ್ನ ಹಲಗೆಯಿಂದ ಮೂವತ್ತು ವರ್ಷ ಜೇನು ಒಯ್ದ. ಅವನ ಹತ್ರ ಒತ್ತೆ ಇಡಿಸ್ಕೊಂಡಿದ್ನಾ ನಾನು?"

"ನಮ್ಮಪ್ಪ ಇದೇ ಬೀದಿಯಲ್ಲಿದ್ದ. ಮ್ಯೂನಿಕ್‌ನೋನು ನಿಮ್ಮ ಬೀದಿಯಲ್ಲಿಲ್ಲ."

"ಒತ್ತೆ ಕೇಳೋದು ಅಂದ್ರೆ ಅವನ ಮುಖಕ್ಕೇ ಕಳ್ಳ ಅಂದ ಹಾಗೆ. ಜೇನು ಕೊಟ್ಟು ಬೈಗುಳಾನೂ ಕೊಡ್ಲಾ?"

ಡೆಟ್ಲೆಫ್ ಭುಜ ಕುಣಿಸಿ ಹೋದ. ಹಾರ್ಮ್ ಅವನ ಬೆನ್ನು ನೋಡುತ್ತ, "ಹುಡುಗ ಬುದ್ಧಿವಂತ, ಆದ್ರೆ ತಕ್ಕಡಿ ಒಂದೇ ಕಲ್ಲಿನದು, ಎಲ್ಲಾನೂ ಅದರಲ್ಲೇ ತೂಗ್ತಾನೆ," ಎಂದ. ಯಾರ ತಕ್ಕಡಿ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅವನ ಮುಂದೆ ನಾವೆಲ್ಲ ಸ್ವಲ್ಪ ಕುಗ್ಗಿಯೇ ಇರುತ್ತಿದ್ದೆವು. ಒಳ್ಳೆಯವನ ಎದುರು ಸಣ್ಣ ಮಾತು ಆಡಲು ಬಾಯಿ ಬರುವುದಿಲ್ಲ, ಆ ಸಣ್ಣ ಮಾತೇ ಸತ್ಯವಾಗಿದ್ದರೂ.

ಹೀಗೆ ಮೂರು ವರ್ಷ ಸೊನ್ನೆ ನಡೆಯಿತು. ತನ್ನೊಬ್ಬನ ಮಟ್ಟಿಗೆ ಇಟ್ಟುಕೊಂಡಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅಧ್ಯಕ್ಷನಾದವನು ತಾನು ಕಂಡ ಬೆಳಕನ್ನು ಹಂಚದೆ ಇರುವುದುಂಟೆ? ಸಂಘಕ್ಕೆ ಹೊಸಬರು ಬಂದಾಗಲೆಲ್ಲ ಹಾರ್ಮ್ ಅವರಿಗೆ ಪೆಟ್ಟಿಗೆ ತೂಗುವುದನ್ನು ಕಲಿಸಿದ, ಟೇಪು ತೂಗುವುದನ್ನು ಕಲಿಸಿದ, ಗಾಜಿನ ಮುಂದೆ ಸೊನ್ನೆ ಬರೆಯುವುದನ್ನೂ ಕಲಿಸಿದ. ಹನ್ನೊಂದು ಮಂದಿ ಕಲಿತರು. ಅವರಲ್ಲಿ ಮರೈಕೆ ಎಂಬ ಹೆಣ್ಣುಮಗಳು ಒಬ್ಬಳು. ಮೂವತ್ತರ ಆಸುಪಾಸು, ಹನ್ನೆರಡು ಗೂಡುಗಳು. ಬೇಕರಿಯ ಕೆಲಸ ಬಿಟ್ಟು ಜೇನನ್ನೇ ನಂಬಿ ಕೂತಿದ್ದಳು. ಹಾರ್ಮ್‌ನ ಮೇಲೆ ಅವಳಿಗೆ ಎಷ್ಟು ಭಕ್ತಿ ಎಂದರೆ, ಅವನ ಆನ್‌ಲೈನ್ ಅಂಗಡಿಯ ನೆತ್ತಿಯ ಮೇಲಿದ್ದ ಮಾತನ್ನೇ ತನ್ನ ಅಂಗಡಿಗೂ ಇಳಿಸಿಕೊಂಡಿದ್ದಳು: 'ನಮ್ಮ ಭರಣಿ ಮರಳಿ ಬರುವ ಭರಣಿ, ಅದು ಕಸವಲ್ಲ.'

ಬೇರೊಂದು ಊರಿನ ಜೇನು ವ್ಯಾಪಾರಿಯ ಕಣ್ಣಿಗೆ ಆ ಮಾತು ಬಿತ್ತು. ಒತ್ತೆಯಿಲ್ಲ, ವಾಪಸ್ ತರಿಸುವ ಏರ್ಪಾಡಿಲ್ಲ, ಆದರೂ ಮರಳಿ ಬರುವ ಭರಣಿ ಎನ್ನುತ್ತಾಳೆ. ಹಾಗಾದರೆ ಗಾಜಿನ ಶುಲ್ಕ ಕಟ್ಟಿಲ್ಲ. ಹಾಗಾದರೆ ಕಟ್ಟಿದ ನಮಗಿಂತ ಅಗ್ಗವಾಗಿ ಮಾರುವ ಅನ್ಯಾಯದ ಅನುಕೂಲ ಅವಳಿಗಿದೆ. ಅವನ ವಕೀಲ ನೋಟಿಸು ಬರೆದ. ಆನ್‌ಲೈನ್ ಸಂತೆಯವರಿಗೂ ದೂರು ಹೋಯಿತು. ಹೀದರ್ ಜೇನಿಗೆ ವರ್ಷದ ಬೇಡಿಕೆಯೆಲ್ಲ ಕ್ರಿಸ್‌ಮಸ್ಸಿನ ಮುಂಚಿನ ಆರು ವಾರಗಳಲ್ಲಿ. ಆ ಆರು ವಾರಗಳ ಮೊದಲನೆಯ ದಿನ ಮರೈಕೆಯ ಅಂಗಡಿ ಮುಚ್ಚಿತು.

ಅವಳು ಹಾರ್ಮ್‌ನ ಮನೆಗೆ ಬಂದಾಗ ನಾನು ಅಲ್ಲೇ ಗೂಡಿನ ಮುಚ್ಚಳಕ್ಕೆ ಹಲಗೆ ಜೋಡಿಸುತ್ತಿದ್ದೆ. ವಕೀಲನ ನೋಟಿಸನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದಳು.

"ಹಾರ್ಮ್, ಇದು ನಿಮ್ಮ ಮಾತು. ನಾನು ಒಂದಕ್ಷರ ಬದಲಾಯಿಸಿರ್ಲಿಲ್ಲ."

ಅವನು ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ ಓದಿದ. "ಮಾತು ಸರಿಯಾಗೇ ಇದೆಯಲ್ಲ."

"ಸರಿಯಾಗಿದ್ರೆ, ಇನ್ಮುಂದೆ ಎಲ್ಲೂ ಹಾಗೆ ಹೇಳಲ್ಲ ಅಂತ ರುಜು ಹಾಕು ಅಂತ ನಂಗ್ಯಾಕೆ ಹೇಳ್ತಾರೆ? ಹತ್ತು ದಿನ ಕೊಟ್ಟಿದಾರೆ. ಮುನ್ನೂರು ಭರಣಿ ತುಂಬಿಟ್ಟಿದೀನಿ, ಯಾರಿಗೆ ಕೊಡ್ಲಿ?"

"ನಿನಗೆ ಇದುವರೆಗೆ ಎಷ್ಟು ವಾಪಸ್ ಬಂದವು?"

"ನಾಲ್ಕು."

"ಎಷ್ಟರಲ್ಲಿ?"

"ಆರುನೂರರಲ್ಲಿ."

"ಮೊದಲನೇ ವರ್ಷ ಅಲ್ವಾ. ಜನಕ್ಕೆ ಅಭ್ಯಾಸ ಆಗ್ಬೇಕು. ನಮ್ಮ ಆಲ್ಮುಟ್ ಮನೆಯಿಂದ..."

"ಹಾರ್ಮ್, ಸುಮ್ನಿರಿ," ಎಂದಳು ಗೆಸಾ. ಐವತ್ತು ವರ್ಷಗಳಲ್ಲಿ ಅವಳು ಗಂಡನ ಮಾತನ್ನು ನಡುವೆ ಕತ್ತರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರೈಕೆಗೆ ಕುರ್ಚಿ ಎಳೆದು ಕೊಟ್ಟಳು. ಅವಳು ಕೂರಲಿಲ್ಲ.

ಸಂಘದ ತುರ್ತು ಸಭೆ ಮುಂದಿನ ಭಾನುವಾರ ಬೆಳಿಗ್ಗೆ, ಊರಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಇಪ್ಪತ್ತಾರು ಜನ ಸೇರಿದ್ದೆವು. ಹಾರ್ಮ್ ಅಧ್ಯಕ್ಷನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಾನೂನಿನ ಹೊತ್ತಗೆ ತೆರೆದು, ಗೆರೆ ಎಳೆದ ಆ ಮಾತನ್ನು ಓದಿ ಹೇಳಿದ. ಮರೈಕೆಯ ಪರವಾಗಿ ಸಂಘವೇ ವಾದಿಸಬೇಕು, ನಮ್ಮ ಭರಣಿ ಕಸವಲ್ಲವೆಂದು ನ್ಯಾಯಾಲಯದಲ್ಲಿ ಹೇಳಬೇಕು, ತಾನೇ ಸಾಕ್ಷಿ ನಿಲ್ಲುತ್ತೇನೆ ಎಂದ. ಚೆನ್ನಾಗಿ ಮಾತಾಡಿದ. ಇಬ್ಬರು ಮೇಜು ಕುಟ್ಟಿದರು. ಒಂದು ಗಳಿಗೆ ನನಗೂ ಎದೆ ಉಬ್ಬಿತು.

ಡೆಟ್ಲೆಫ್ ಕೂತಲ್ಲಿಂದಲೇ ಕೈ ಎತ್ತಿದ.

"ನಂದೊಂದೇ ಪ್ರಶ್ನೆ. ಸಾಕ್ಷಿ ಹೇಳೋಕೆ ನಿಂತಾಗ ಆ ವಕೀಲನೂ ಇದನ್ನೇ ಕೇಳ್ತಾನೆ, ಅದಕ್ಕೆ ಈಗ್ಲೇ ಕೇಳ್ತೀನಿ. ಭರಣಿ ಬಂದೇ ಬರುತ್ತೆ ಅಂದ್ರೆ, ಪ್ರತಿ ವಸಂತಕ್ಕೂ ನಿಮ್ಮ ಅಂಗಳಕ್ಕೆ ಹೊಸ ಭರಣಿಗಳ ಲಾರಿ ಯಾಕೆ ಬರುತ್ತೆ, ಹಾರ್ಮ್?"

"ಗಿರಾಕಿ ಹೆಚ್ಚಾದ್ರು."

"ಹೆಚ್ಚಾಗಿಲ್ಲ. ಭರಣಿ, ತುಂಬಿದ ಮೇಲೆ ಅಂಟಿಸೋ ಚೀಟಿ, ಎರಡೂ ತರಿಸೋದು ಸಂಘದ ಮೂಲಕ, ಪುಸ್ತಕ ನನ್ನ ಹತ್ರ ಇದೆ. ಆನ್‌ಲೈನ್ ಬರೋಕೆ ಮುಂಚಿನ ಹತ್ತು ವರ್ಷದ್ದು ನೋಡ್ದೆ. ಆಗ ನೀವು ಮಾರ್ತಿದ್ದದ್ದು ಈ ಊರಲ್ಲೇ, ಆ ಹಲಗೆ ಮೇಲೇನೇ. ವರ್ಷಕ್ಕೆ ಒಂಬೈನೂರು ಭರಣಿ ಜೇನು ತುಂಬಿದೀರಿ, ವರ್ಷಕ್ಕೆ ಏಳುನೂರು ಹೊಸ ಭರಣಿ ತರಿಸಿದೀರಿ. ಮ್ಯೂನಿಕ್‌ನೋರ ಮಾತು ಬಿಡಿ. ನಮ್ಮೋರೇ ಕೊಟ್ಟಿಲ್ಲ."

ಅದನ್ನು ಅವನು ಕುಹಕದಿಂದ ಹೇಳಲಿಲ್ಲ. ಹೇಳಿದ ಮೇಲೆ ತಲೆ ತಗ್ಗಿಸಿದ್ದನ್ನೂ ನೋಡಿದೆ. ಗೆದ್ದವನ ಮುಖ ಅದಾಗಿರಲಿಲ್ಲ.

ಹಾರ್ಮ್ ಕನ್ನಡಕ ತೆಗೆದ. ಅವನ ಮುಖ ಹಾಗಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ತಾಯಿಯ ಕೈ ತಪ್ಪಿದ ಕೂಸಿನ ಮುಖ. ಇಪ್ಪತ್ತೈದು ಮುಖಗಳನ್ನೂ ಒಂದೊಂದಾಗಿ ನೋಡಿ ಕೇಳಿದ:

"ಯಾರ ಮನೇಲಿದಾವೆ?"

ಎಲ್ಲರೂ ತಮ್ಮ ತಮ್ಮ ಕಾಫಿಯ ಬಟ್ಟಲು ನೋಡಿದರು. ಯಾರ ಮನೆಯಲ್ಲಿಲ್ಲ ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು. ಒಬ್ಬಳ ಮನೆಯ ಭರಣಿಯಲ್ಲಿ ಅಂಗಿಯ ಗುಂಡಿಗಳು, ಒಬ್ಬನ ಮನೆಯಲ್ಲಿ ಬೀಜ, ಇನ್ನೊಬ್ಬನಲ್ಲಿ ಬಣ್ಣದ ಕುಂಚ ಅದ್ದಿದ ಎಣ್ಣೆ. ಹೊಸ ಬಡಾವಣೆಯವರು ಬೀದಿ ಮೂಲೆಯಲ್ಲಿ ಹಳೆಯ ಗಾಜು ಹಾಕುವ ತೊಟ್ಟಿಗೇ ಎಸೆಯುತ್ತಿದ್ದರು, ಅವರಿಗೆ ಹೇಳಿಕೊಟ್ಟವರಿರಲಿಲ್ಲ. ನನ್ನ ಮರಗೆಲಸದ ಕೊಟ್ಟಿಗೆಯ ಗೋಡೆಗೆ ನಾನೇ ಹೊಡೆದ ಗೂಡುಹಲಗೆಯಲ್ಲಿ ಅಳತೆವಾರು ಮೊಳೆ, ತಿರುಪು, ಕೀಲು ತುಂಬಿದ ಭರಣಿಗಳು ನಲವತ್ತು, ತಳದಲ್ಲಿ ಸಂಘದ ಗುರುತಿನ ಸಮೇತ. ಎಷ್ಟು ಅಚ್ಚುಕಟ್ಟು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಅವನ ಕಣ್ಣು ಕೊನೆಗೆ ನನ್ನ ಮೇಲೆ ನಿಂತಿತು.

"ಯೋಹನ್, ನಿನ್ನ ಹತ್ರ?"

"ಒಂದೋ ಎರಡೋ ಇರ್ಬೇಕು, ಮಾರಾಯ," ಎಂದೆ.

ಅವನು ತಲೆಯಾಡಿಸಿದ. ನಂಬಿದ. ಅದೇ ನನಗೆ ಇಂದಿಗೂ ಜೀರ್ಣವಾಗದ ತುತ್ತು.

ಆ ಸಭೆಯಲ್ಲಿಯೇ ಅವನು ಅಧ್ಯಕ್ಷಗಿರಿ ಬಿಟ್ಟ. ಮನೆಗೆ ಹೋಗಿ, ಭರಣಿಯೊಂದನ್ನು ಮೊದಲ ಸಲ ತಕ್ಕಡಿಗಿಟ್ಟು ತೂಗಿ, ಮೂರು ವರ್ಷದ ಲೆಕ್ಕವನ್ನು ತಿದ್ದಿದ. ಮರಳಿ ಬಂದವುಗಳನ್ನೂ ಕಳೆಯಲಿಲ್ಲ. ಆನ್‌ಲೈನ್ ಮಾರಿದ್ದಕ್ಕೆ ಮಾತ್ರ ಬರೆಯದೆ, ಹಲಗೆಯ ಮೇಲಿಂದ ಊರಿಗೆ ಹೋದ ಭರಣಿಗಳನ್ನೂ ಗಾಜಿನ ಸಾಲಿಗೆ ಸೇರಿಸಿದ. ಕಚೇರಿಗೆ ಕೈಬರಹದಲ್ಲಿ ಕಾಗದ ಬರೆದ: ತಪ್ಪು ನನ್ನದು, ಹನ್ನೊಂದು ಮಂದಿ ನನ್ನ ಮಾತು ಕೇಳಿ ಬರೆದವರು, ದಂಡವಿದ್ದರೆ ನನ್ನ ಹೆಸರಿಗೆ ಹಾಕಿ, ಮರೈಕೆ ಎಂಬ ಹುಡುಗಿಯ ಅಂಗಡಿ ತೆರೆಸಿ. ಸೌಜನ್ಯದ ಉತ್ತರ ಬಂತು. ತಿದ್ದಿದ ಅಂಕಿಗಳು ಸೇರಿವೆ. ಪ್ರತಿಯೊಬ್ಬ ಮಾರಾಟಗಾರನೂ ತನ್ನ ಅಂಕಿಗೆ ತಾನೇ ಹೊಣೆ. ವ್ಯಾಪಾರಿಗಳ ನಡುವಿನ ನೋಟಿಸು ಕಚೇರಿಗೆ ಸಂಬಂಧಪಟ್ಟದ್ದಲ್ಲ. ಒಂದಕ್ಷರವೂ ತಪ್ಪಿಲ್ಲದ ಉತ್ತರ.

ಮರೈಕೆ ರುಜು ಹಾಕಿದಳು. ಅಂಗಡಿ ತೆರೆಯುವ ಹೊತ್ತಿಗೆ ಕ್ರಿಸ್‌ಮಸ್ ಕಳೆದಿತ್ತು. ವಸಂತದಲ್ಲಿ ಹನ್ನೆರಡು ಗೂಡುಗಳನ್ನೂ ಮಾರಿ ಮತ್ತೆ ಬೇಕರಿಗೆ ಸೇರಿದಳು. ಬೆಳಿಗ್ಗೆ ಬ್ರೆಡ್ ತರಲು ಹೋದ ಹಾರ್ಮ್‌ಗೆ ಬ್ರೆಡ್ ಕೊಡುತ್ತಾಳೆ, ಚಿಲ್ಲರೆ ಕೊಡುತ್ತಾಳೆ, ಮುಂದಿನವರು ಬನ್ನಿ ಎನ್ನುತ್ತಾಳೆ. ಅವನು ಅಲ್ಲಿಗೇ ಹೋಗುತ್ತಾನೆ, ಬೇರೆ ಬೇಕರಿ ಇದ್ದರೂ.

ನಾನು ಒಂದು ವಾರ ತಡೆದು, ಮೊಳೆಗಳನ್ನೆಲ್ಲ ಸುರಿದು, ನಲವತ್ತು ಭರಣಿಗಳನ್ನೂ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಅವನ ಮನೆಗೆ ಒಯ್ದೆ. ಒಂದೋ ಎರಡೋ ಎಂದವನು ನಲವತ್ತು ತಂದದ್ದನ್ನು ಗೆಸಾ ಬಾಗಿಲಲ್ಲಿ ನಿಂತು ನೋಡಿದಳು.

"ಬೇಡ, ಯೋಹನ್. ಇವೆಲ್ಲ ಕಸ ಅಂತ ಬರೆದು, ಕಟ್ಟಬೇಕಾದ್ದು ಕಟ್ಟಾಯ್ತು. ತೊಟ್ಟಿಗೆ ಹಾಕು."

"ಹಾರ್ಮ್ ಏನಂತಾನೆ?"

"ಅವರೇ ಹೇಳಿದ್ದು."

ಮೂಲೆಯ ತೊಟ್ಟಿಯಲ್ಲಿ ಬಿಳಿ ಗಾಜಿಗೆ ಬೇರೆ ಬಾಯಿ, ಹಸಿರು ಗಾಜಿಗೆ ಬೇರೆ ಬಾಯಿ. ನಲವತ್ತನ್ನೂ ಬಿಳಿಯ ಬಾಯಿಗೆ ಹಾಕಿ ಬಂದೆ. ಗಾಜೊಡೆಯುವ ಸದ್ದಿಗೆ ಮಲಗಿದವರು ಏಳದಿರಲೆಂದು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಹಾಕಬಾರದು ಎಂಬ ಫಲಕವಿದೆ. ಹತ್ತು ನಿಮಿಷ ಮೊದಲೇ ಮುಗಿಸಿದೆ.

ಈಗ ಹಾರ್ಮ್ ಮೊದಲಿನ ಹಾಗೆಯೇ ಗಾಳಿಗೆ ಮೂಗೊಡ್ಡಿ ಗೂಡು ಸಾಗಿಸುತ್ತಾನೆ, ಮೊದಲಿನ ಹಾಗೆಯೇ ಜೇನು ತೆಗೆಯುತ್ತಾನೆ, ಆದರೆ ಒಂದು ಭರಣಿಯನ್ನೂ ತುಂಬುವುದಿಲ್ಲ. ದೊಡ್ಡ ಬಕೆಟ್ಟುಗಳಲ್ಲಿ ಸಗಟು ವ್ಯಾಪಾರಿಗೆ ಕೊಡುತ್ತಾನೆ. ಆ ವ್ಯಾಪಾರಿ ಅದನ್ನು ಯಾವ ಯಾವುದೋ ದೇಶದ ಜೇನಿನ ಜೊತೆ ಬೆರೆಸಿ, ಅದುಮಿದರೆ ಸುರಿಯುವ ಪ್ಲಾಸ್ಟಿಕ್ ಸೀಸೆಗಳಿಗೆ ತುಂಬುತ್ತಾನೆ. ಒಂದು ಸಲ ಬಳಸಿ ಎಸೆಯುವ ಸೀಸೆ. ಅದರ ತೂಕ ನೋಂದಣಿಯಲ್ಲಿ ಗ್ರಾಂ ತಪ್ಪದೆ ದಾಖಲಾಗಿದೆ. ಈ ಬಯಲಿನಲ್ಲಿ ಇಂದು ಯಾರ ಲೆಕ್ಕವೂ ತಪ್ಪಿಲ್ಲ.

ಹಾರ್ಮ್‌ನಂಥವರ ಜಾತಿಯೇ ಹೀಗೆ. ತಮ್ಮ ಮನೆಯ ಗೇಟಿನಿಂದ ಕಾಣುವಷ್ಟನ್ನೇ ಲೋಕವೆಂದುಕೊಳ್ಳುತ್ತಾರೆ. ಎಣಿಸಿದರೆ ಅನುಮಾನಿಸಿದಂತೆ ಎಂದು ಎಣಿಸುವುದೇ ಇಲ್ಲ. ಎಣಿಸದೆ ಬಿಟ್ಟದ್ದರ ಪೆಟ್ಟು ತಮ್ಮ ಬೆನ್ನಿಗೆ ಬೀಳುವ ಮೊದಲು, ತಮ್ಮನ್ನು ನಂಬಿ ಹಿಂದೆ ಬಂದ ಬಡಪಾಯಿಯ ಬೆನ್ನಿಗೆ ಬೀಳುತ್ತದೆ. ಅದು ಅವರ ತಪ್ಪು, ನಿಜವಾದ ತಪ್ಪು, ಅದನ್ನು ಒಳ್ಳೆಯತನದ ಹೆಸರಿನಲ್ಲಿ ಮುಚ್ಚಬಾರದು. ಆದರೆ ಅವರ ಸುತ್ತ ಬದುಕುವ ನಮ್ಮಂಥವರ ಜಾತಿಯೂ ಒಂದಿದೆ. ಒತ್ತೆ ಕೇಳಿದವನನ್ನು ಜಿಪುಣನೆಂದು ಆಡಿಕೊಳ್ಳುತ್ತೇವೆ. ಕೇಳದವನನ್ನು ದೊಡ್ಡ ಮನುಷ್ಯನೆಂದು ಹೊಗಳುತ್ತಲೇ ಅವನ ಮನೆಯಿಂದ ಒಂದೊಂದಾಗಿ ಒಯ್ದು ಮೊಳೆ ತುಂಬಿಡುತ್ತೇವೆ. ಕೊನೆಗೊಂದು ದಿನ ಕಾನೂನು ಬಂದು ಲೆಕ್ಕ ಕೇಳಿದಾಗ ಎದ್ದು ನಿಂತು ಉತ್ತರ ಹೇಳುವವನು ಅವನೊಬ್ಬನೇ, ಏಕೆಂದರೆ ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಇಡೀ ಊರಿನಲ್ಲಿ ಉಳಿದಿರುವುದು ಅವನೊಬ್ಬನಿಗೇ.